ಗಾಳಿ ಕಾಣದ ಕಟ್ಟಿಗೆ

ಚಾವಣಿ ಶಕ ೧೪೧, ಹದಿಮೂರನೆಯ ತಿಂಗಳ ಹುಣ್ಣಿಮೆ
ವರದೆಯ ದಂಡೆ

ಹೊನ್ನೆಯ ಸಸಿ ನೆಟ್ಟ ಪುಣ್ಯಾತ್ಮರಿಗೆ ನೀಲಗಂಗವ್ವ ಮಾಡುವ ಶರಣು.

ನೀವು ನಮಗಿಂತ ಬಹಳ ಹಿಂದಿನ ಕಾಲದವರು, ನಿಮ್ಮ ಹೆಸರು ನಮಗೆ ಗೊತ್ತಿಲ್ಲ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಬೇಕು. ಬಿಸಿಲು ತಾಳಲಾರದೆ ಊರಿಗೆ ಊರನ್ನೇ ಮುಚ್ಚಿ ಚಾವಣಿ ಹಾಕಿಕೊಂಡ ವರ್ಷದಿಂದ ನಾವು ಶಕ ಎಣಿಸುತ್ತೇವೆ. ಒಳಗೆ ತಂಪಿದೆ, ದೀಪವಿದೆ, ಮರಗಳೂ ಇವೆ. ಗಾಳಿ ಮಾತ್ರ ಇಲ್ಲ.

ನೀವು ಹಾರ್ಮೋನು ಎನ್ನುತ್ತಿದ್ದುದನ್ನು ನಾವು ಚಿಗುರುಮಾತು ಎನ್ನುತ್ತೇವೆ. ಚಿಗುರಿನಲ್ಲಿ ಹುಟ್ಟಿದ ರಸ ಕೆಳಗಿಳಿದು, ತೊಗಟೆಯ ಒಳಗಿನ ತೆಳ್ಳನೆಯ ಪದರಕ್ಕೆ 'ಕಟ್ಟಿಗೆ ಕಟ್ಟು' ಎಂದು ಹೇಳುತ್ತದೆ. ಗಾಳಿಗೆ ಮರ ತೂಗಿದರೆ ಇನ್ನೊಂದು ಮಾತು ಹುಟ್ಟುತ್ತದೆ: 'ನಿಧಾನ, ಗಟ್ಟಿಯಾಗಿ ಕಟ್ಟು.' ನಮ್ಮ ಹಿರಿಯರು ಇದನ್ನು ಬಲ್ಲವರು. ಸಂಜೆಯಾದರೆ ಮನೆಮಂದಿಯೆಲ್ಲ ಮರಕ್ಕೆ ಹಗ್ಗ ಕಟ್ಟಿ ತೂಗುತ್ತಿದ್ದರು. ಆ ಕೆಲಸಕ್ಕೆ ಮರದೂಗು ಎಂದು ಹೆಸರು. ಹೆಂಗಸರು ಜೋಗುಳ ಹಾಡುತ್ತಿದ್ದರು, ಗಂಡಸರು ಊರ ಸುದ್ದಿ ಹೇಳುತ್ತಿದ್ದರು. ನಮಗೆ ಬೇಸರ ಬಂತು. ಮೈಗಳ್ಳರಿಗೆ ನೆಪ ಬೇಕೇ? ಚಿಗುರುಮಾತನ್ನೇ ಸೀಸೆಯಲ್ಲಿ ತಯಾರಿಸಿ ಮರಕ್ಕೆ ಹನಿಸಿದೆವು. ಇಪ್ಪತ್ತು ವರ್ಷದ ದಪ್ಪ ಮೂರೇ ವರ್ಷಕ್ಕೆ ಬಂತು. ಅಯ್ಯೋ, ನಾವು ಬೀಗಿದ್ದೇ ಬೀಗಿದ್ದು!

'ಕಟ್ಟು' ಎಂಬ ಮಾತೇನೋ ಮರಕ್ಕೆ ಕೇಳಿಸಿತು, ಗಟ್ಟಿಯಾಗಲು ಪುರುಸೊತ್ತು ಸಿಗಲಿಲ್ಲ. ಅಂಥ ಕಂಬ ನಿಲ್ಲಿಸಿದ ಹೆರಿಗೆಮನೆ ಈಗ ವಾಲಿದೆ. ಉಳಿದ ಮನೆಗಳದೂ ಅದೇ ಕಟ್ಟಿಗೆ. ತುಂಬು ಬಸುರಿ ನನ್ನ ಮೊಮ್ಮಗಳು ನೇರಳೆ ಮೊನ್ನೆ ಅಲ್ಲಿಗೆ ಹೋಗಿ ಕಂಬಕ್ಕೆ ಉಗುರು ಒತ್ತಿದಳು, ಉಗುರು ಇಳಿಯಿತು. "ಆಯಿ, ಇದು ಕಟಗಿ ಅಲ್ಲ, ಗಜ್ಜರಿ! ಪಲ್ಯಾ ಮಾಡ್ಲೇನು?" ಎಂದು ನಕ್ಕಳು. ನನಗೆ ತಲೆ ಎತ್ತಲಾಗಲಿಲ್ಲ.

ಚಾವಣಿಯ ಹೊರಗೆ, ಸುಡುಗಾಳಿಯಲ್ಲಿ, ನಿಮ್ಮ ಹೊನ್ನೆಯೊಂದು ಉಳಿದಿದೆ. ಸುತ್ತಲ ಊರುಗಳಲ್ಲೆಲ್ಲ ಗಟ್ಟಿ ಕಟ್ಟಿಗೆ ಎಂದರೆ ಅದೊಂದೇ. ಹೆರಿಗೆಮನೆಯ ಕಂಬಕ್ಕಾಗಿ ನಾಳೆ ಅದನ್ನು ಕಡಿಯುತ್ತೇವೆ. "ಬ್ಯಾಡ ಆಯಿ, ನಾ ಹೊರಗನ ಹಡೀತೇನಿ" ಎಂದು ನೇರಳೆ ಹಟ ಹಿಡಿದಳು. ಹೊರಗಿನ ಬಿಸಿಗೆ ಹಸುಗೂಸು ಬದುಕುವುದಿಲ್ಲ, ಅದು ಅವಳಿಗೂ ಗೊತ್ತು.

ನೆಟ್ಟವರು ನೀವು, ನೀರು ಹೊತ್ತವರು ನೀವು. ಒಂದು ಚೊಂಬು ನೀರು ಹಾಕದ ನಾವು ಕೊಡಲಿ ಮಸೆಯುತ್ತಿದ್ದೇವೆ. ಥೂ, ನಮ್ಮ ಜನ್ಮಕ್ಕಿಷ್ಟು!

ನಿಮ್ಮ ಕಾಲದಲ್ಲಿ ಜನ ಇನ್ನೂ ಬಯಲಲ್ಲಿ ನಿಲ್ಲಬಹುದಂತೆ. ಕೇಳಲು ನಾಚಿಕೆ, ಆದರೂ ಕೇಳುತ್ತೇನೆ: ಗಾಳಿ ಬೀಸುವ ಕಡೆ ಇನ್ನೊಂದು ಹೊನ್ನೆ ನೆಡಿ. ನೇರಳೆಯ ಮೊಮ್ಮಕ್ಕಳಿಗೆ ಬೇಕಾದೀತು. ಎಲ್ಲಿ ನೆಟ್ಟಿರಿ ಎಂಬುದು ಮಾತ್ರ ನಮಗೆ ತಿಳಿಯದ ಹಾಗೆ ನೋಡಿಕೊಳ್ಳಿ.