ಮುಕ್ಕಾಲು ಕಿಲೋ ಟ್ರಿಗರ್

ಕುರುಡುಮಲೆ, ಮುಳಬಾಗಿಲು ತಾಲ್ಲೂಕು
೨-೨-೨೦೨೫

ಮಾಲೂರಿನಲ್ಲಿ ಮಗಳ ಮನೆಯಲ್ಲಿ ವಾಸವಾಗಿರುವ, ಬಾಲ್ಯದಿಂದಲೂ ನನ್ನ ಒಡನಾಡಿಯಾದ ಮುನಿಶಾಮಿಗೆ ಕೋದಂಡರಾಮಪ್ಪನು ಬಿನ್ನವಿಸಿಕೊಳ್ಳುವುದೇನೆಂದರೆ,

ಈ ಕಾಗದವನ್ನು ನಿನಗೆ ಓದಿ ಹೇಳುವ ಮಗಳು ರಂಜಿತ ಒಂದು ಸಾಲನ್ನೂ ಬಿಡಬಾರದೆಂದು ಮೊದಲೇ ಕೋರುತ್ತೇನೆ.

ನಮ್ಮ ತಂದೆಯವರ ಕಾಲದ ಜೋಡುನಳಿಗೆ ಬಂದೂಕಿಗೆ ಎರಡು ಟ್ರಿಗರ್‌ಗಳಿರುವುದೂ, ಮುಂದಿನದು ಬಲನಳಿಗೆಗೂ ಹಿಂದಿನದು ಎಡನಳಿಗೆಗೂ ಸೇರಿರುವುದೂ ನೀನು ಬಲ್ಲ ಸಂಗತಿ. ಲೈಸೆನ್ಸಿನಲ್ಲಿ ನನ್ನ ಹೆಸರಿನ ಕೆಳಗೆ ನಿನ್ನ ಹೆಸರಿತ್ತು. ಇಪ್ಪತ್ತು ವರ್ಷ ಊರಿನ ಕಡಲೆಕಾಯಿ ಹೊಲಗಳನ್ನು ಹಂದಿಗಳಿಂದ ಕಾದವರು ನಾವಿಬ್ಬರೇ. ನೀನು ಅರಿಯದ ಸಂಗತಿಯೆಂದರೆ, ಹೋದ ವರ್ಷ ನನ್ನ ತೋರುಬೆರಳು ಸೆಟೆದುಕೊಂಡು, ಮುಂದಿನ ಟ್ರಿಗರನ್ನು ಎಳೆಯಲಾರದೆ ಹೋಯಿತು. ಹೇಳಿಕೊಳ್ಳಲು ನಾಚಿದೆ. ಗುಟ್ಟಾಗಿ ಕೋಲಾರಕ್ಕೆ ಹೋಗಿ, ಬಂದೂಕು ರಿಪೇರಿಯ ಪೆದ್ದಪ್ಪನ ಮುಂದೆ ಅದನ್ನಿಟ್ಟೆ. ಅವನು ಖಾಲಿ ಬಂದೂಕನ್ನು ನೆಟ್ಟಗೆ ನಿಲ್ಲಿಸಿ, ಟ್ರಿಗರ್‌ಗೆ ಚೀಲ ಕಟ್ಟಿ, ಟಕ್ಕೆಂದು ಬಿಡುವ ತನಕ ರಾಗಿ ಸುರಿದು, ಆ ಚೀಲವನ್ನು ತೂಗಿದ. ಎರಡು ಕಿಲೋ ಬಂತು. ಮುಕ್ಕಾಲು ಕಿಲೋಗೆ ಇಳಿಸೆಂದೆ.

“ಬ್ಯಾಡ ಸ್ವಾಮಿ, ಒಳಗಿನ ಕೊಕ್ಕೆನ ಅಷ್ಟು ಉಜ್ಜಿದ್ರೆ ನೊಣ ಕೂತ್ರೂ ಗುಂಡು ಹಾರ್ತದೆ” ಎಂದ. ಪರಿಣಾಮಗಳಿಗೆಲ್ಲ ನಾನೇ ಹೊಣೆಯೆಂದು ಅಲ್ಲಿಯೇ ಮುಚ್ಚಳಿಕೆ ಬರೆದುಕೊಟ್ಟ ಮೇಲೆ ಇಳಿಸಿಕೊಟ್ಟ. ತಾಲ್ಲೂಕು ಕಚೇರಿಯ ಜಗುಲಿಯಲ್ಲಿ ನಲವತ್ತು ವರ್ಷ ಅರ್ಜಿ ಬರೆದ ನಾನು ಅಷ್ಟು ಸೊಗಸಾದ ಮುಚ್ಚಳಿಕೆಯನ್ನು ಹಿಂದೆಂದೂ ಬರೆದಿರಲಿಲ್ಲ.

ಕಾರ್ತಿಕದ ಆ ಬೆಳಿಗ್ಗೆ ಹೊಲದಲ್ಲಿ ನಿನ್ನ ಕೈಗೆ ಬಂದೂಕು ಕೊಡುವಾಗ ಈ ಮಾತು ಬಾಯಿಯ ತನಕ ಬಂದಿತ್ತು. ನುಂಗಿಕೊಂಡೆ. ನೀನು ಎರಡು ಕಿಲೋದ ಅಭ್ಯಾಸದಲ್ಲಿ ಬೆರಳಿಟ್ಟೆ. ನಳಿಗೆ ಎತ್ತುವ ಮೊದಲೇ ಗುಂಡು ಹಾರಿ, ನಿನ್ನ ಎಡಗಾಲಿನ ಎರಡು ಬೆರಳು ಹೋದವು. “ಬೆರಳ್ ಇಟ್ಟಿದ್ದಷ್ಟೇ ಕಣೋ ರಾಮಪ್ಪಾ, ಒತ್ಲಿಲ್ಲ ಕಣೋ” ಎಂದು ಆಸ್ಪತ್ರೆಯ ತನಕ ಹೇಳುತ್ತಲೇ ಇದ್ದೆ. ಊರವರು “ಏನ್ಲಾ ಮುನಿಶಾಮಿ, ಹಂದಿ ನಿನ್ ಚಪ್ಲೀಲಿತ್ತಾ?” ಎಂದು ನಕ್ಕಾಗ ನಾನೂ ನಕ್ಕೆ.

ಪೊಲೀಸರಿಗೆ ನಿನ್ನ ಹೇಳಿಕೆಯನ್ನು ಬರೆದವನೂ ನಾನೇ. “ನನ್ನ ಸ್ವಂತ ಅಜಾಗರೂಕತೆಯಿಂದ” ಎಂಬ ಸಾಲನ್ನು ನಿನಗೆ ಓದಿ ಹೇಳುವಾಗ ಬಿಟ್ಟೆ. ನೀನು ನನ್ನನ್ನು ನಂಬಿ ಹೆಬ್ಬೆಟ್ಟು ಒತ್ತಿದೆ. ಆ ಸಾಲಿನಿಂದಲೇ ಲೈಸೆನ್ಸಿನಲ್ಲಿ ನಿನ್ನ ಹೆಸರನ್ನು ಹೊಡೆದುಹಾಕಿದರು. ನೀನು ನಗೆಗೆ ಅಂಜಿ ಊರು ಬಿಟ್ಟೆ.

ಕಳೆದ ಸೋಮವಾರ ಸತ್ಯಾಂಶವನ್ನೆಲ್ಲ ಬರೆದು, ಬಂದೂಕಿನ ಸಮೇತ ಠಾಣೆಗೆ ಒಪ್ಪಿಸಿದ್ದೇನೆ. ನಕಲು ಲಗತ್ತಿಸಿದೆ. ಊರವರ ಮುಂದೆ ಅರಳಿಕಟ್ಟೆಯಲ್ಲಿಯೂ ಓದಿದೆ. ಅಂದಿನಿಂದ ಕಟ್ಟೆಯಲ್ಲಿ ನನ್ನ ಪಕ್ಕ ಯಾರೂ ಕೂರುವುದಿಲ್ಲ. ಅದು ನ್ಯಾಯವೇ. ನಿನ್ನಿಂದ ಕ್ಷಮೆಯನ್ನು ಪ್ರಾರ್ಥಿಸುವ ಸಾಲನ್ನು ಮೂರು ಸಲ ಬರೆದು ಮೂರು ಸಲವೂ ಹೊಡೆದುಹಾಕಿದ್ದೇನೆ.

ಇಂತಿ,
ನಿನ್ನವನೆಂದು ಬರೆದುಕೊಳ್ಳಲು ಅಳುಕುವ
ಕೋದಂಡರಾಮಪ್ಪ

ವಿ.ಸೂ.: ಸಂಕ್ರಾಂತಿಯ ಮರುದಿನ ನೀನು ಮಾಲೂರಿನಿಂದ ಕುಂಟುತ್ತಾ ನಮ್ಮ ಮನೆಗೆ ಬಂದಾಗ, ಮಾವ ಊರಲ್ಲಿಲ್ಲವೆಂದು ಸೊಸೆ ಸುನಂದ ಹೇಳಿದಳಲ್ಲ, ಹಾಗೆ ಹೇಳಿಸಿದವನು ನಾನೇ. ಬಾಗಿಲ ಹಿಂದೆಯೇ ನಿಂತಿದ್ದೆ. “ಬಂದ್ರೆ ಹೇಳಮ್ಮಾ, ಅಲ್ಲಿ ಮಾತಾಡೋಕೆ ಯಾರೂ ಇಲ್ಲ, ಅದಕ್ಕೇ ಬಂದಿದ್ದೆ ಅಂತ” ಎಂದೆಯಲ್ಲ, ಕೇಳಿಸಿತು.