ಹಳದಿ ಫ್ರಾಕಿನ ಹುಡುಗಿ ಯಾಕೆ ಅತ್ತಳು

ಕಡಲತೀರದ ಸುರಕ್ಷತೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮ ಪಡುಕರೆಗೆ ಇಳಿಯುವ ದಾರಿಯ ಬಾಯಲ್ಲಿ ನೀವು ನಿಲ್ಲಿಸಿರುವ ಫಲಕದಲ್ಲಿ ಅಳುತ್ತಿರುವ ಹುಡುಗಿ ನನ್ನ ಮಗಳು. ಅವಳ ಫೋಟೊ ತೆಗೆಸಿ, ಅವಳ ಹೆಸರಿನಲ್ಲಿ ಹಾಕಿದ ಬೇಲಿಯನ್ನೂ ತೆಗೆಸಿ ಎಂದು ಕೇಳಲು ಈ ಪತ್ರ. ನಿಮ್ಮ ಕಚೇರಿಗೆ ಬಂದು ಕೇಳಿಯಾಗಿದೆ, ಫೋನಿನಲ್ಲಿ ಕೇಳಿಯಾಗಿದೆ. ಊರೆಲ್ಲ ಕೇಳುವಂತೆ ಕೇಳುವುದೊಂದು ಬಾಕಿ ಇತ್ತು.

ಮಗುವಿನ ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದು ಗುರುತು ಮರೆಸಿದ್ದೀರಿ. ನಿಮ್ಮ ಸೂಕ್ಷ್ಮತೆಗೆ ಕೈಮುಗಿದೆ. ಆದರೆ ಎದೆಯ ಮೇಲೆ ಸೂರ್ಯಕಾಂತಿ ಹೊಲಿದ ಆ ಹಳದಿ ಫ್ರಾಕು ಸಾಲಿಗ್ರಾಮದಿಂದ ಹಂಗಾರಕಟ್ಟೆಯವರೆಗೆ ನನ್ನಿಂದ ಮೀನು ಕೊಳ್ಳುವ ಪ್ರತಿ ಮನೆಗೂ ಗೊತ್ತು. ರಜೆಯ ದಿನ ನನ್ನ ಹಿಂದೆ ಮುಂದೆ ಓಡುವವಳು ಅದೇ ಫ್ರಾಕಿನಲ್ಲಿ ಓಡುತ್ತಾಳೆ. ಫೋಟೊದ ಕೆಳಗೆ ನೀವು ಬರೆಸಿದ್ದು ಹೀಗಿದೆ: "ಮಕ್ಕಳ ಸುರಕ್ಷತೆ ನಮ್ಮೆಲ್ಲರ ಹೊಣೆ. ಮುಂದಿನ ಆದೇಶದವರೆಗೆ ಈ ತೀರಕ್ಕೆ ಪ್ರವೇಶವಿಲ್ಲ." ಈ ಎರಡು ವಾಕ್ಯಗಳ ನಡುವಿನ ನೆಂಟಸ್ತಿಕೆ ಏನು ಸ್ವಾಮಿ? ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಕಥೆ ಕೇಳಿದ್ದೇನೆ. ಇಲ್ಲಿ ನೆಗಡಿಯೂ ಇರಲಿಲ್ಲ, ಕೊಯ್ದದ್ದು ನಿಮ್ಮ ಮೂಗೂ ಅಲ್ಲ.

ನಿಮ್ಮ ಆದೇಶವನ್ನು ನಾನು ಓದಿದ್ದೇನೆ. ಮೀನು ಮಾರುವವಳು ಆದೇಶ ಓದುವುದಿಲ್ಲ ಎಂದುಕೊಂಡಿದ್ದರೆ ಅದು ನಿಮ್ಮ ತಪ್ಪು ಲೆಕ್ಕ. ರಾಕ್ ಸಂಗೀತ ಹಬ್ಬದ ಸಂಜೆ "ಸ್ಥಳೀಯರ ಗುಂಪೊಂದು ತಡೆಬೇಲಿ ದಾಟಿ ವೇದಿಕೆಯ ಮೇಲೆ ದಾಳಿಗೆ ಯತ್ನಿಸಿದ್ದು, ಪಾಲಕರಿಲ್ಲದೆ ಬಂದಿದ್ದ ಬಾಲಕಿಯೊಬ್ಬಳು ಭಯಭೀತಳಾಗಿ ರೋದಿಸುತ್ತಿದ್ದಳು" ಎಂದು ಅದರಲ್ಲಿದೆ. ದಾಳಿ ನಡೆಯಲಿಲ್ಲ. ಬಾಲಕಿಗೆ ಪಾಲಕಿ ಇದ್ದಳು. ಭಯ ಇರಲಿಲ್ಲ. ಅತ್ತದ್ದೊಂದೇ ನಿಜ, ಅದರ ಕಾರಣವನ್ನು ಯಾರೂ ಅವಳ ಹತ್ತಿರ ಕೇಳಲಿಲ್ಲ.

ಮೊದಲಿಗೆ, ಹಬ್ಬಕ್ಕೆ ನಮ್ಮನ್ನು ಕರೆದವರು ಯಾರು? ಹೆದ್ದಾರಿಯ ಬಸ್ ನಿಲ್ದಾಣದ ನೆತ್ತಿಯ ಮೇಲೆ "ಕುಟುಂಬ ಸಮೇತ ಬನ್ನಿ, ಪ್ರವೇಶ ಉಚಿತ" ಎಂಬ ಫ್ಲೆಕ್ಸು ತೂಗುತ್ತಿತ್ತು, ಅದರ ಮೂಲೆಯಲ್ಲಿ ನಿಮ್ಮ ಕಚೇರಿಯ ಹೆಸರೂ ಇತ್ತು. ನಡುವಿನಲ್ಲಿ ಕೂದಲು ಹರಡಿಕೊಂಡ ಹುಡುಗಿಯೊಬ್ಬಳು ಡ್ರಮ್ಮುಗಳ ಹಿಂದೆ ಕೂತಿದ್ದಳು. ನನ್ನ ಮಗಳು ಮೋಕ್ಷಿತಾ ಮೂರನೇ ಕ್ಲಾಸು. ಆ ಚಿತ್ರ ಕಂಡಂದಿನಿಂದ ಮನೆಯಲ್ಲಿ ಒಂದು ಮೀನಿನ ಕ್ರೇಟೂ ಸುಮ್ಮನೆ ಕೂರಲಿಲ್ಲ. ಬೋರಲು ಹಾಕುವುದು, ತೆಂಗಿನ ಗರಿಯ ದಂಟು ಹಿಡಿದು ಬಡಿಯುವುದು.

"ಅಮ್ಮಾ, ಹೆಣ್ಮಕ್ಕಳೂ ಬಡೀಲಕ್ಕಾ?" ಎಂದು ಕೇಳಿದಳು.

"ಬಡೀಲಕ್ಕ್. ಕೈ ಇದ್ರೆ ಸಾಕ್," ಅಂದೆ. ಕರೆದುಕೊಂಡು ಹೋಗುತ್ತೇನೆ ಎಂದು ಮಾತೂ ಕೊಟ್ಟೆ.

ಹೊರಡುವಾಗ ಪಕ್ಕದ ಮನೆಯ ಜಲಜಕ್ಕ ಬೇಲಿ ಹತ್ತಿರ ಬಂದು ಮೂಗಿನ ಮೇಲೆ ಬೆರಳಿಟ್ಟಳು. "ಎಂತದೇ, ಮಗಿನ್ ಕರ್ಕಂಡ್ ಆ ಗಲಾಟಿಗ್ ಹೋತ್ಯಾ? ಕಿಮಿ ಒಡ್ದ್ ಹೋತ್ತ್ ಕಾಣ್!"

ಕಿವಿಗೆ ಹತ್ತಿ ಇಟ್ಟೇ ಕರೆದುಕೊಂಡು ಹೋಗಿದ್ದೆ. ನಿಮ್ಮ ಆದೇಶದಲ್ಲೂ "ಅತಿ ಶಬ್ದದಿಂದ ಮಕ್ಕಳ ಮನಸ್ಸಿನ ಮೇಲೆ ದುಷ್ಪರಿಣಾಮ" ಎಂಬ ಸಾಲಿದೆ, ಅದಕ್ಕೇ ಹೇಳುತ್ತಿದ್ದೇನೆ. ನಮ್ಮ ಕಡೆಯ ಮಕ್ಕಳು ಚಂಡೆಯ ಪೆಟ್ಟಿನ ಎದುರಿಗೆ ಚಾಪೆ ಹಾಸಿಕೊಂಡು ನಿದ್ದೆ ಮಾಡಿ ದೊಡ್ಡವರಾದವರು. ರಾಕ್ಷಸ ವೇಷ ಅಟ್ಟಹಾಸ ಮಾಡುತ್ತಾ ಬಂದಾಗ ನಾನೂ ಅಮ್ಮನ ಸೆರಗಿನೊಳಗೆ ನುಗ್ಗಿ ಅತ್ತಿದ್ದೇನೆ. ಆಗ ಯಾವ ಅಧಿಕಾರಿಯೂ ಫಲಕ ಹಾಕಿ ಯಕ್ಷಗಾನದ ಬಯಲಿಗೆ ಬೀಗ ಜಡಿಯಲಿಲ್ಲ. ಮಕ್ಕಳ ಕಿವಿಯ ಮೇಲಿನ ಈ ಪ್ರೀತಿ ಇದ್ದಕ್ಕಿದ್ದಂತೆ ಎಲ್ಲಿಂದ ಉಕ್ಕಿತು ಎಂಬುದು ನನ್ನ ಮೊದಲ ಅನುಮಾನ.

ಅಂದು ಸಂಜೆ ತುಂಬ ಚೆನ್ನಾಗಿತ್ತು, ಹೇಳಲೇಬೇಕು. ಕಪ್ಪು ಬನಿಯನ್ನಿನ ಕಾಲೇಜು ಹುಡುಗರು ತಲೆ ಕುಣಿಸುತ್ತಿದ್ದರು. ನೋಡಲು ಪುಂಡರ ಹಾಗೆ, ನಡತೆಯಲ್ಲಿ ಬಂಗಾರ. ಮಗು ಕಂಡದ್ದೇ ದಾರಿ ಬಿಟ್ಟು ತಡೆಬೇಲಿಯ ಹತ್ತಿರ ನಿಲ್ಲಿಸಿದರು, ತಮ್ಮ ಚುರುಮುರಿ ಕೊಟ್ಟರು. ಹಾಡಿನ ಒಂದು ಶಬ್ದವೂ ನನಗೆ ಅರ್ಥವಾಗಲಿಲ್ಲ. ಆದರೂ ಡ್ರಮ್ಮಿನ ಪೆಟ್ಟು ಕಾಲಿನಡಿಯ ಹೊಯಿಗೆಯಿಂದ ಹತ್ತಿ ಎದೆಗೆ ಬರುತ್ತಿತ್ತು, ನನಗೂ ಕುಣಿಯಬೇಕು ಅನ್ನಿಸಿತು. ಮೋಕ್ಷಿತಾ ಕುಣಿದೇಬಿಟ್ಟಳು.

ಸೂರ್ಯ ಇಳಿಯುವ ಹೊತ್ತಿಗೆ ಪಡುವಣ ಗಾಳಿ ಎದ್ದಿತು. ವೇದಿಕೆಯ ಮೇಲಿನ ಟಾರ್ಪಾಲು ಹಾಯಿಯಂತೆ ಉಬ್ಬಿತು. ಅದಕ್ಕೆ ಕಟ್ಟಿದ್ದ ಉದ್ದನೆಯ ಹಗ್ಗವನ್ನು ನಾಲ್ಕೈದು ಹುಡುಗರು ಹಿಡಿದು ಒದ್ದಾಡುತ್ತಿದ್ದರು. ಮುಂದಿನದನ್ನು ತಿಳಿಯಬೇಕಾದರೆ ನಿಮಗೆ ಕೈರಂಪಣಿ ಗೊತ್ತಿರಬೇಕು. ದೋಣಿಯಲ್ಲಿ ಬಲೆಯನ್ನು ಕಡಲಿಗೆ ಸುತ್ತುಬಿಟ್ಟು, ಅದರ ಎರಡು ತುದಿಯ ಹಗ್ಗವನ್ನು ದಡದಲ್ಲಿ ನಿಂತು ಊರೇ ಸೇರಿ ಎಳೆಯುವ ಮೀನುಗಾರಿಕೆ ಅದು. ಅಲ್ಲಿ ಕರೆಯೋಲೆ ಇಲ್ಲ. ಹಗ್ಗ ಎಳೆಯುವವರನ್ನು ಕಂಡರೆ ದಾರಿಹೋಕನೂ ಬಂದು ಕೈಹಾಕಬೇಕು, ಹಗ್ಗ ಮುಟ್ಟಿದವರಿಗೆಲ್ಲ ಮೀನಿನಲ್ಲಿ ಪಾಲು. ಹಗ್ಗದ ಬಾಲ ಹಿಡಿದ ಮಕ್ಕಳಿಗೂ ನಾಲ್ಕು ಬಂಗಡೆ ಕೊಡದೆ ಕಳಿಸುವಂತಿಲ್ಲ. ನಮ್ಮ ಕೈರಂಪಣಿ ತಂಡದ ಹಿರಿಯರು ತಿಮ್ಮ ಮಾವ, ನನ್ನ ತಾಯಿಯ ಅಣ್ಣ. ಅವರು ಅಂದು ಜನರ ಹಿಂದೆ ಬೀಡಿ ಸೇದುತ್ತಾ ನಿಂತಿದ್ದವರು, ಹುಡುಗರ ಒದ್ದಾಟ ಕಂಡು ಬೀಡಿ ಎಸೆದರು.

"ಹ್ವಾಯ್, ಕಾಣ್ತಾ ನಿಂತದ್ದ್ ಎಂತಕೆ? ಬನ್ನಿ, ಹಗ್ಗ ಹಿಡ್ಕಣಿ!"

ಅಷ್ಟೇ. ಗಂಡಸರು, ಹೆಂಗಸರು ಎಲ್ಲರೂ ತಡೆಬೇಲಿ ಹಾರಿದೆವು. ನಾನೂ ಸೀರೆ ಎತ್ತಿ ಕಟ್ಟಿ ಹಾರಿದೆ. ಮೋಕ್ಷಿತಾ ಕೆಳಗಿನಿಂದ ನುಸುಳಿ ಬಂದು ತನ್ನ ಜಾಗ, ಅಂದರೆ ಹಗ್ಗದ ಬಾಲ, ಹಿಡಿದಳು. "ಐಸಾ! ಐಸಾ!" ಎಂದು ಎಳೆದೆವು ನೋಡಿ.

ಇಲ್ಲಿ ತಪ್ಪು ನಮ್ಮದೇ, ಮುಚ್ಚಿಡುವುದಿಲ್ಲ. ಆ ಹುಡುಗರು ಹಗ್ಗ ಎಳೆಯುತ್ತಿರಲಿಲ್ಲ, ಟಾರ್ಪಾಲು ಕೆಳಗಿಳಿಸಲು ಸಡಿಲ ಬಿಡುತ್ತಿದ್ದರು. "ಬಿಡಿ, ಬಿಡಿ!" ಎಂದು ಅವರು ಕೂಗುತ್ತಿದ್ದರು. ನಮ್ಮವರಿಗೆ ಕೈಗೆ ಹಗ್ಗ ಸಿಕ್ಕ ಮೇಲೆ ಕಿವಿ ಕೇಳುವುದಿಲ್ಲ. ಟಾರ್ಪಾಲಿನ ಒಂದು ಮೂಲೆ ಹರಿಯಿತು, ಒಂದು ದೀಪದ ಕಂಬ ವಾಲಿತು. ಯಾರಿಗೂ ಒಂದು ತರಚು ಗಾಯವೂ ಆಗಲಿಲ್ಲ. ವಿಷಯ ತಿಳಿದಾಗ ತಿಮ್ಮ ಮಾವ ತಲೆ ಕೆರೆದುಕೊಂಡು, "ಮೊದ್ಲೇ ಹೇಳುಕಾಗ್ದಾ ಮಾರ್ರೆ?" ಎಂದು ಆ ಹುಡುಗರನ್ನೇ ಬೈದರು. ಆಮೇಲೆ ಬಲೆ ಹೆಣೆಯುವ ದಾರ ತರಿಸಿ ಹರಿದದ್ದನ್ನು ಹೊಲಿದೂ ಕೊಟ್ಟರು. ಹಾಡು ಮತ್ತೆ ಶುರುವಾಯಿತು. ಇದೇ ನಿಮ್ಮ ದಾಳಿ. ದಾಳಿ ಮಾಡಿದವರು ಹೊಲಿಗೆ ಹಾಕಿಕೊಟ್ಟು ಹೋದದ್ದನ್ನು ಆದೇಶದಲ್ಲಿ ಸೇರಿಸಲು ಜಾಗ ಸಾಲಲಿಲ್ಲವೇ?

ಹಗ್ಗ ಎಳೆಯುತ್ತಿದ್ದ ನಡುವೆಯೇ ಒಬ್ಬ ಕಾವಲಿನವನು ಓಡಿಬಂದು ಮೋಕ್ಷಿತಾಳ ರಟ್ಟೆ ಹಿಡಿದು ಹಗ್ಗದಿಂದ ಕಿತ್ತ. ಅವಳು ಜೋರಾಗಿ ಅತ್ತಳು. ಅದನ್ನು ಕಂಡು ವೇದಿಕೆಯಿಂದ ಆ ಡ್ರಮ್ಮಿನ ಹುಡುಗಿಯೇ ಇಳಿದು ಬಂದಳು. ಅನಿಷಾ ಎಂದು ಹೆಸರು ಹೇಳಿದಳು, ಮಗುವಿನ ಎದುರು ಹೊಯಿಗೆಯಲ್ಲಿ ಕೂತಳು.

"ಯಾಕೆ ಪುಟ್ಟಾ ಅಳ್ತಿದೀಯ? ಹೆದರಿಬಿಟ್ಯಾ?"

"ಹೆದ್ರುಕೆ ಎಂತ ಇತ್ತ್? ನಾನ್ ಹಗ್ಗ ಹಿಡ್ದಿದೆ. ನನ್ ಪಾಲ್ ಕೊಡ್ಲಿಲ್ಲ!"

ಅನಿಷಾ ನನ್ನ ಮುಖ ನೋಡಿದಳು. ನಾನು ಕೈರಂಪಣಿಯ ಪದ್ಧತಿ ಹೇಳಿದೆ. ಅವಳು ನಕ್ಕು, ಕೈಯಲ್ಲಿದ್ದ ಎರಡು ಕೋಲುಗಳಲ್ಲಿ ಒಂದನ್ನು ತೆಗೆದು ಕೊಟ್ಟಳು. "ಸರಿ, ಇದು ನಿನ್ನ ಪಾಲು." ಮಗಳ ಅಳು ಅಲ್ಲಿಗೆ ನಿಂತಿತು. ನಿಮ್ಮ ಫಲಕದಲ್ಲಿ ಮಾತ್ರ ಇನ್ನೂ ನಿಂತಿಲ್ಲ.

ಈಗ ಆ ಫೋಟೊವನ್ನು ನಾವಿಬ್ಬರೂ ಸ್ವಲ್ಪ ಹತ್ತಿರದಿಂದ ನೋಡೋಣ. ಮಗುವಿನ ರಟ್ಟೆಯ ಮೇಲೆ ಯಾರದೋ ನಾಲ್ಕು ಬೆರಳುಗಳಿವೆ. ಬೆರಳಿನ ಹಿಂದೆ ಮನುಷ್ಯನಿಲ್ಲ. ಕಾವಲಿನವನನ್ನು ಕತ್ತರಿಸಿ ಎಸೆದಿದ್ದೀರಿ, ಬೆರಳು ಉಳಿದುಬಿಟ್ಟಿವೆ. ಹಗ್ಗವನ್ನೂ ಕತ್ತರಿಸಿದ್ದೀರಿ. ಎಡ ಅಂಚಿನಲ್ಲಿ ಒಂದು ಗೇಣು ನೀಲಿ ಸೀರೆ ಕಾಣುತ್ತದೆ, ಅದು ನಾನು. ಪಾಲಕಿಯನ್ನು ಚಿತ್ರದಿಂದ ಕತ್ತರಿಸಿ, ಮಗು ಪಾಲಕರಿಲ್ಲದೆ ಬಂದಿತ್ತು ಎಂದು ಬರೆಯಲು ಕತ್ತರಿಗಿಂತ ಹೆಚ್ಚಿನದೇನೋ ಬೇಕು.

ನನ್ನ ದೊಡ್ಡ ಅನುಮಾನ ಬೇರೆಯೇ ಇದೆ. ಫಲಕ ಮರುದಿನ ಬೆಳಿಗ್ಗೆಯೇ ಎದ್ದಿತ್ತು. ಮದುವೆಯ ಫ್ಲೆಕ್ಸಿಗೂ "ನಾಳೆ ಬನ್ನಿ, ನಾಡಿದ್ದ್ ಬನ್ನಿ" ಎಂದು ಅಲೆದಾಡಿಸುವ ಊರು ನಮ್ಮದು. ಸರ್ಕಾರದ ಕೆಲಸ ರಾತ್ರಿ ಬೆಳಗಾಗುವುದರಲ್ಲಿ ಮುಗಿದದ್ದು ಹೇಗೆ? ನನಗೆ ನೆನಪಿದೆ. ಕಾಂಕ್ರೀಟು ಹಾಕಿ ಭದ್ರ ಮಾಡಿದ ಆ ಫಲಕದ ಕಬ್ಬಿಣದ ಕಂಬಗಳು ಹಬ್ಬಕ್ಕೆ ವಾರ ಮೊದಲೇ ಅಲ್ಲಿದ್ದವು. ದಿನಾ ಬುಟ್ಟಿ ಹೊತ್ತು ಅದೇ ದಾರಿಯಲ್ಲಿ ಹೋಗುವವಳು ನಾನು, ಇದೆಂತಕ್ಕೆ ಬೋಳು ಕಂಬ ನಿಲ್ಲಿಸಿದ್ದಾರೆ ಎಂದು ಅಂದುಕೊಂಡದ್ದೂ ಉಂಟು. ಬೇಲಿಯ ಕಂಬಗಳೂ ಹಾಗೆಯೇ ಬಂದು ಬಿದ್ದಿದ್ದವು. ಕಂಬ ಮೊದಲೇ ಬಂದಿತ್ತು, ಕಾರಣ ಮಾತ್ರ ಸಿಕ್ಕಿರಲಿಲ್ಲ ಎಂದು ನಾನು ತಿಳಿದರೆ ತಪ್ಪೇ?

ಕೇಳಲು ನಿಮ್ಮ ಕಚೇರಿಗೆ ಬಂದೆ. ಗುಮಾಸ್ತರು ತಲೆ ಎತ್ತದೆ, "ಸಾಹೇಬ್ರ್ ಸೈಟಿಗ್ ಹೋಯಿರ್," ಅಂದರು. ಎಂಥ ಸೈಟು ಎಂದು ಕೇಳಿದರೆ ಫೈಲು ತಿರುವಿದರು. ಕಾಯುತ್ತಾ ಕೂತಾಗ ಗೋಡೆಯ ಮೇಲೊಂದು ಬಣ್ಣದ ಚಿತ್ರ ಕಂಡಿತು. ನಮ್ಮದೇ ಪಡುಕರೆ, ತೆಂಗಿನ ಸಾಲಿನಿಂದ ಗುರುತು ಹಿಡಿದೆ. ಸಾಲು ಕುರ್ಚಿ, ಬಣ್ಣದ ಕೊಡೆ, ಸುತ್ತ ಚಂದದ ಬೇಲಿ. ಆ ಚಿತ್ರದಲ್ಲಿ ಮಕ್ಕಳಿದ್ದಾರೆ, ಬಲೂನು ಹಿಡಿದು ಓಡುತ್ತಿದ್ದಾರೆ. ದೋಣಿ ಇಲ್ಲ, ಬಲೆ ಇಲ್ಲ, ಹಗ್ಗ ಎಳೆಯುವ ಒಬ್ಬ ಮನುಷ್ಯನೂ ಇಲ್ಲ. ಹಾಗಾದರೆ ಕಡಲು ಅಪಾಯ ಯಾರ ಮಕ್ಕಳಿಗೆ? ಆ ಚಿತ್ರ ಬರೀ ಅಲಂಕಾರಕ್ಕೆ ತೂಗುಹಾಕಿದ್ದಿರಬಹುದು. ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದಕ್ಕೇ ಕೇಳುತ್ತಿದ್ದೇನೆ. ನಮ್ಮ ತೀರವನ್ನು ಆ ಚಿತ್ರದಂತೆ ಮಾಡಲು ಹೊರಟಿಲ್ಲ ಎಂದು ನೀವು ಬಾಯಿಬಿಟ್ಟು ಹೇಳಿದರೆ ನಂಬಲು ಪ್ರಯತ್ನ ಮಾಡುತ್ತೇನೆ.

ನಾನು ಬಂದುಹೋದ ಮೇಲೆ ನಿಮ್ಮ ಕಡೆಯಿಂದ ಒಂದು ಫೋನು ಬಂತು. ಮಗುವಿಗೆ ಶಾಲೆಯ ಬ್ಯಾಗು ಕೊಟ್ಟು ಶಾಲು ಹೊದಿಸುತ್ತಾರಂತೆ, "ಸುರಕ್ಷಿತ ಕಡಲತೀರ"ದ ಕಾರ್ಯಕ್ರಮದಲ್ಲಿ ವೇದಿಕೆ ಹತ್ತಿಸುತ್ತಾರಂತೆ, ಫೋಟೊ ಮಾತ್ರ ಇರಲಿ ಎಂದರು. ಅಳುವ ಮಗುವಿಗೆ ಬೆಲ್ಲ ಕೊಡುವುದು ನಮ್ಮಲ್ಲೂ ಉಂಟು. ಅಳು ನಿಲ್ಲಲಿ ಎಂದು ಕೊಡುತ್ತೇವೆ, ಅಳುತ್ತಲೇ ಇರಲಿ ಎಂದು ಕೊಡುವುದನ್ನು ಇದೇ ಮೊದಲು ಕಂಡದ್ದು.

ಕೈರಂಪಣಿ ಈಗ ಬೇಲಿಯಾಚೆ, ಬಡಗು ತುದಿಯ ಕಲ್ಲುಗಳ ಸಂದಿಯಲ್ಲಿ ನಡೆಯುತ್ತಿದೆ. ಬಲೆ ಕಲ್ಲಿಗೆ ಸಿಕ್ಕಿ ಹರಿಯುತ್ತದೆ, ತಿಮ್ಮ ಮಾವ ಎಳೆಯುವುದಕ್ಕಿಂತ ಹೊಲಿಯುವುದೇ ಹೆಚ್ಚು. ಮೋಕ್ಷಿತಾ ಅತ್ತ ಹೋಗುವುದಿಲ್ಲ. "ನೀ ಮರ್ಕಿದ್ದಕ್ಕೇ ಕಡಲ್ ಬಂದ್ ಆಯ್ತ್," ಎಂದು ಅವಳ ಜೊತೆಯ ಮಕ್ಕಳು ಹೇಳುತ್ತಾರೆ. ಅತ್ತದ್ದಕ್ಕೆ ಎಂದು ಅವರ ಅರ್ಥ. ಮಕ್ಕಳನ್ನು ಬೈದು ಏನು ಪ್ರಯೋಜನ, ಅವರು ನಿಮ್ಮ ಫಲಕವನ್ನೇ ಓದಿದ್ದಾರೆ. ಹಳದಿ ಫ್ರಾಕನ್ನು ಅವಳು ಮತ್ತೆ ಹಾಕಿಲ್ಲ. ಅನಿಷಾ ಕೊಟ್ಟ ಕೋಲು ಐಸಿನ ಪೆಟ್ಟಿಗೆಯ ಹಿಂದೆ ಬಿದ್ದಿದೆ. ಕ್ರೇಟುಗಳು ಸುಮ್ಮನಿವೆ. ಆ ಸದ್ದಿಗೆ ಬೈಯುತ್ತಿದ್ದ ನನಗೆ ಈಗ ಮನೆಯೊಳಗೆ ಕೂರಲು ಆಗುವುದಿಲ್ಲ.

ಮೊನ್ನೆ ಮೀನು ಆಯುತ್ತಿದ್ದಾಗ ಹತ್ತಿರ ಬಂದು ಕೂತಳು. "ಅಮ್ಮಾ, ನಾ ಮರ್ಕದೇ ಇದ್ದಿದ್ರೆ ಬೇಲಿ ಹಾಕ್ತಿರ್ಲಿಲ್ಯಾ?"

"ನಿಂದ್ ಎಂತದೂ ತಪ್ಪಿಲ್ಲ ಮಗಾ. ಕಂಬ ಮೊದ್ಲೇ ತಂದ್ ಹಾಕಿದ್ರ್," ಅಂದೆ. ಸಮಾಧಾನವಾಗಲಿ ಎಂದು ಹೇಳಿದ್ದು.

ಅವಳು ಕೈಗೆ ಸಿಕ್ಕ ಬಂಗಡೆಯನ್ನು ಬುಟ್ಟಿಗೆ ಹಾಕಿದಳು. "ಹಂಗಾರೆ ಅವ್ರ್ ನಾ ಮರ್ಕುದನ್ನೇ ಕಾಯ್ತಾ ಇದ್ರಾ?"

ಮಾನ್ಯರೇ, ಈ ಪ್ರಶ್ನೆ ನನಗಲ್ಲ, ನಿಮಗೆ. ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಬೇಲಿ ಕಿತ್ತು ದಾರಿ ಬಿಡಿ, ಫೋಟೊ ಇಳಿಸಿ. ಇಳಿಸಲು ಮನಸ್ಸಿಲ್ಲದಿದ್ದರೆ ಪೂರ್ತಿ ಫೋಟೊ ಹಾಕಿ: ಕಾವಲಿನವನ ಕೈ, ಹಗ್ಗ, ತಿಮ್ಮ ಮಾವ, ನಾನು, ಎಲ್ಲರೂ ಇರಲಿ, ನೋಡಿದವರು ತೀರ್ಮಾನ ಮಾಡಲಿ. ಆಮೇಲೆ ಒಂದು ದಿನ ನೀವೇ ಪಡುಕರೆಗೆ ಬಂದು ನನ್ನ ಮಗಳ ಪ್ರಶ್ನೆಗೆ ಅವಳ ಮುಖ ನೋಡಿ ಉತ್ತರ ಕೊಡಿ. ಬಲೆ ಎಳೆಯುವ ಹೊತ್ತಿಗೆ ಬಂದರೆ ಹಗ್ಗದ ಬಾಲವನ್ನೂ ಹಿಡಿಯಬಹುದು. ನಮ್ಮಲ್ಲಿ ಅಧಿಕಾರಿಗೂ ಪಾಲು ಉಂಟು, ಮಗುವಿಗೆ ಸಿಕ್ಕಷ್ಟೇ.

ಇಂತಿ,
ನಿಮ್ಮ ಫಲಕದ ಎಡ ಅಂಚಿನಲ್ಲಿ ಒಂದು ಗೇಣು ನೀಲಿ ಸೀರೆಯಾಗಿ ಉಳಿದಿರುವ,
ಮೋಕ್ಷಿತಾಳ ತಾಯಿ ಹರಿಣಾಕ್ಷಿ
ಪಡುಕರೆ (ಬೇಲಿಯ ಹೊರಗೆ)