ಅವರು ಕೇಳಿದ ಮೂರು ಪದ

ಸರ್ವಸಾಕ್ಷಿಯಾದ ದೇವನೇ, ಈ ಮುದಿ ಲೇಖನಿ ಸುಳ್ಳಿಗೆ ಊಳಿಗ ಮಾಡದಿರಲಿ. ನವೆಂಬರ್ ಹತ್ತೊಂಬತ್ತು, ಗುರುವಾರ, ರಾತ್ರಿ.

ಸಿಟ್ಟು ಇನ್ನೂ ಇಳಿದಿಲ್ಲ. ಮೊನ್ನೆ ಕಾರ್ಖಾನೆಯ ಲಿಫ್ಟು ತಂತಿಹಗ್ಗ ಕಡಿದು ಬಿದ್ದು ಇಬ್ಬರು ಹೆಣ್ಣುಮಕ್ಕಳ ಕಾಲು ಮುರಿಯಿತು. ತನಿಖೆಗೆ ಕೊಡಬೇಕಾದ ಅದರ ವರದಿಯನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸ ನನ್ನದು. ಮೆಕ್ಯಾನಿಕ್ ಅಂದು ಹತ್ತು ನಿಮಿಷ ತಡವಾಗಿ ಬಂದನೆಂದೂ ಹಗ್ಗ ಕಡಿಯಿತೆಂದೂ ಎರಡು ಬಿಡಿ ವಾಕ್ಯಗಳನ್ನು ಬರೆದಿದ್ದೆ.

ಮ್ಯಾನೇಜರು ನಕ್ಕರು. "ಅಜ್ಜಾ, ಮಧ್ಯದಲ್ಲೊಂದು 'ಆ್ಯಸ್ ಎ ರಿಸಲ್ಟ್' ಹಾಕಿದ್ರೆ ನಿಮ್ಮ ಗಂಟೇನು ಹೋಗತ್ತೆ?"

"ಹಗ್ಗ ಅವನ ಗಡಿಯಾರ ನೋಡ್ಕೊಂಡು ಕಡೀತಾ ಸ್ವಾಮಿ? ಕಾಗೆ ಕೂತಿದ್ದಕ್ಕೇ ಕೊಂಬೆ ಮುರೀತು ಅಂತ ನಾನು ಬರೆಯೋನಲ್ಲ."

"ಮೂರೇ ಮೂರು ಪದ ಕಣ್ರೀ!"

'ಅದರ ಪರಿಣಾಮವಾಗಿ' ಎನ್ನುವ ಆ ಮೂರು ಪದಗಳಿಂದ ಮೆಕ್ಯಾನಿಕ್ ಜೈಲು ಸೇರುತ್ತಾನೆ. ಹಗ್ಗ ಸವೆದಿದೆಯೆಂದು ಅವನು ಮೂರು ಸಲ ಬರೆದ ಪತ್ರಗಳನ್ನು ಇಂಗ್ಲಿಷಿಗೆ ತಂದವನೂ ನಾನೇ. ಮ್ಯಾನೇಜರು ಅವನ್ನು ಓದದೆ ಡ್ರಾಯರಿಗೆ ತಳ್ಳಿದ್ದನ್ನು ಕಂಡವನೂ ನಾನೇ. ಹೇತುವಿಲ್ಲದೆಡೆ ಫಲವನ್ನು ಆರೋಪಿಸುವುದು ತರ್ಕದೋಷ ಮಾತ್ರವಲ್ಲ, ಪಾಪ.

ಅವರು ಕೇಳಿದ ಪದಗಳನ್ನೇ ಹಾಕಿದೆ, ಆದರೆ ಅವುಗಳಿಗೆ ನ್ಯಾಯವಾದ ಜಾಗದಲ್ಲಿ: ಮೂರು ಎಚ್ಚರಿಕೆಗಳನ್ನು ಓದಲಿಲ್ಲ, ಆ್ಯಸ್ ಎ ರಿಸಲ್ಟ್, ಹಗ್ಗ ಕಡಿಯಿತು. ಕೆಳಗೆ ನನ್ನ ರುಜು ಹಾಕಿ ತನಿಖಾಧಿಕಾರಿಯ ಕೈಗೇ ಕೊಟ್ಟು ಬಂದೆ.

"ನಾಳೆಯಿಂದ ಬರ್ಬೇಡಿ," ಎಂದರು ಮ್ಯಾನೇಜರು. ಹೋಗುವುದಿಲ್ಲ. ನಲವತ್ತು ವರ್ಷ ಪದ ಜೋಡಿಸಿದ ಕೈ ಇಂದೂ ಸುಳ್ಳು ಜೋಡಿಸಲಿಲ್ಲ, ಅಷ್ಟು ಸಾಕು. ಕಣ್ಣು ಎಳೆಯುತ್ತಿದೆ.

ಆ ಹೆಣ್ಣುಮಕ್ಕಳ ಕಾಲು ಕೂಡಲಿ. ಮೆಕ್ಯಾನಿಕನ ಮನೆಯವರು ನೆಮ್ಮದಿಯಿಂದ ನಿದ್ರಿಸಲಿ. ಮ್ಯಾನೇಜರಿಗೂ ದೇವರು ಒಳ್ಳೆಯದು ಮಾಡಲಿ, ಮೊದಲು ಪತ್ರ ಓದುವ ಬುದ್ಧಿ ಕೊಟ್ಟು.